ಯುದ್ಧದ ಕಾನೂನು ಓದಿ ಅಧ್ಯಾಪಕರಾಗಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನ್, ಗಾಜಾ, ಸುಡಾನ್‌ನ ಸುದ್ದಿ ಬಂದಾಗಲೆಲ್ಲ ಕಾನೂನು ಓದುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಈ ವಿಷಯ ಓದಿದರೆ ಮುಂದೇನು? ಪಾಠ ಮಾಡಿ ಬದುಕಬಹುದಾ? ಕರ್ನಾಟಕದಲ್ಲಿ ಕೂತು ಮಾಡುವ ಕೆಲಸವಾ ಇದು? ಎಲ್‌ಎಲ್‌ಬಿ ಓದುತ್ತಿರುವವರು, ವಕೀಲಿ ಶುರು ಮಾಡಿ ಮನಸ್ಸು ಈ ಕಡೆ ವಾಲಿದವರು, ಮಕ್ಕಳ ಆಯ್ಕೆ ನೋಡಿ ಗಾಬರಿಯಾದ ಅಪ್ಪ ಅಮ್ಮಂದಿರು, ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ ಉತ್ತರಗಳನ್ನು ಒಂದೇ ಕಡೆ ಬರೆದಿದ್ದೇನೆ.

ಮಾನವೀಯ ಕಾನೂನು, ಅಪರಾಧ ಕಾನೂನು ಎರಡೂ ಒಂದೇನಾ?

ಅಲ್ಲ, ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಓದಲು ಆಗುವುದಿಲ್ಲ. ಯುದ್ಧ ಶುರುವಾದ ಮೇಲೆ ಹೇಗೆ ಹೋರಾಡಬೇಕು, ಯಾರನ್ನು ಮುಟ್ಟಬಾರದು, ಸೆರೆ ಸಿಕ್ಕವರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವುದು ಅಂತರರಾಷ್ಟ್ರೀಯ ಮಾನವೀಯ ಕಾನೂನು. 1949ರ ನಾಲ್ಕು ಜಿನೀವಾ ಒಪ್ಪಂದಗಳು ಅದರ ಬುನಾದಿ. 1977ರಲ್ಲಿ ಅವಕ್ಕೆ ಎರಡು ಪ್ರೋಟೋಕಾಲ್ (ಪೂರಕ ಒಪ್ಪಂದ) ಸೇರಿದವು, 2005ರಲ್ಲಿ ಮೂರನೆಯದು.

ಆ ನಿಯಮಗಳನ್ನು ಘೋರವಾಗಿ ಮುರಿದ ವ್ಯಕ್ತಿಯನ್ನು ಕಟಕಟೆಗೆ ತರುವುದು ಅಂತರರಾಷ್ಟ್ರೀಯ ಅಪರಾಧ ಕಾನೂನು. ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ, ಈ ನಾಲ್ಕು ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ (ಐಸಿಸಿ) ವ್ಯಾಪ್ತಿಗೆ ಬರುತ್ತವೆ. ನರಮೇಧಕ್ಕೂ ಮಾನವತೆಯ ವಿರುದ್ಧದ ಅಪರಾಧಕ್ಕೂ ಯುದ್ಧ ನಡೆಯುತ್ತಿರಲೇಬೇಕು ಅಂತಿಲ್ಲ. ಇಲ್ಲಿ ಎಡವುವ ವಿದ್ಯಾರ್ಥಿಗಳು ಜಾಸ್ತಿ.

ಕೇಸು ನಡೆಸುವುದು ವಕೀಲರು, ತೀರ್ಪು ಕೊಡುವುದು ಜಡ್ಜ್‌ಗಳು. ಇದರಲ್ಲಿ ಅಧ್ಯಾಪಕರಿಗೆ ಏನು ಕೆಲಸ?

ಬೇರೆ ಯಾವ ಕಾನೂನಿನಲ್ಲೂ ಇಲ್ಲದಷ್ಟು ಕೆಲಸ ಇದೆ. ಅಂತರರಾಷ್ಟ್ರೀಯ ನ್ಯಾಯಾಲಯದ (ಇದು ಐಸಿಸಿ ಅಲ್ಲ, ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ಬೇರೆ ಕೋರ್ಟು) ಸಂವಿಧಿಯ, ಅಂದರೆ ಅದನ್ನು ಕಟ್ಟಿದ ಮೂಲ ಕಾನೂನಿನ, 38ನೇ ವಿಧಿಯನ್ನು ನೋಡಿ. ಕಾನೂನು ಏನೆಂದು ಕಂಡುಕೊಳ್ಳಲು ದೊಡ್ಡ ವಿದ್ವಾಂಸರ ಬರಹಗಳನ್ನೂ ನ್ಯಾಯಾಧೀಶರು ನೋಡಬಹುದು ಅಂತ ಅಲ್ಲೇ ಬರೆದಿದೆ. ನಮ್ಮ ಜಿಲ್ಲಾ ಕೋರ್ಟಿನಲ್ಲಿ ಯಾವ ಪ್ರೊಫೆಸರ್ ಏನು ಬರೆದರೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ.

ನರಮೇಧ ಅನ್ನುವ ಅಪರಾಧಕ್ಕೆ 1944ರಲ್ಲಿ ಹೆಸರಿಟ್ಟವರು ರಾಫೆಲ್ ಲೆಮ್‌ಕಿನ್. ಪೋಲೆಂಡಿನಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋಗಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು ಅವರು. ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ಆರೋಪಗಳಲ್ಲಿ ಮಾನವತೆಯ ವಿರುದ್ಧದ ಅಪರಾಧ ಅನ್ನುವ ಶೀರ್ಷಿಕೆ ಬಂದದ್ದರ ಹಿಂದೆ ಕೇಂಬ್ರಿಜ್‌ನ ಪ್ರಾಧ್ಯಾಪಕ ಹರ್ಷ್ ಲೌಟರ್‌ಪಾಕ್ಟ್ ಇದ್ದರು. ಈ ಇಬ್ಬರೂ ಕಾನೂನು ಓದಿದ್ದು ಈಗ ಉಕ್ರೇನಿನಲ್ಲಿರುವ ಲ್ವೀವ್ ಅನ್ನುವ ಒಂದೇ ಊರಿನ ವಿಶ್ವವಿದ್ಯಾಲಯದಲ್ಲಿ. ಇಬ್ಬರ ಕುಟುಂಬದವರನ್ನೂ ನಾಜಿಗಳು ಕೊಂದರು.

1993ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುಗೊಸ್ಲಾವಿಯದ ಯುದ್ಧಾಪರಾಧಗಳಿಗೆ ನ್ಯಾಯಮಂಡಳಿ ಮಾಡಿತು. ಅದರ ಮೊದಲ ಅಧ್ಯಕ್ಷ ಆಂಟೋನಿಯೊ ಕಸೇಸೆ, ಫ್ಲಾರೆನ್ಸ್‌ನ ಪ್ರಾಧ್ಯಾಪಕ. 1995ರಲ್ಲಿ ಟಾಡಿಚ್ ಅನ್ನುವ ಆರೋಪಿಯ ಪ್ರಕರಣದಲ್ಲಿ ಅವರ ಅಧ್ಯಕ್ಷತೆಯ ಪೀಠದ ಮುಂದೆ ಒಂದು ಕಷ್ಟದ ಪ್ರಶ್ನೆ ಬಂತು. ಎರಡು ದೇಶಗಳ ನಡುವಿನ ಯುದ್ಧದಲ್ಲಿ ಅಪರಾಧ ಅನ್ನಿಸಿಕೊಂಡ ಕೃತ್ಯ, ಒಂದೇ ದೇಶದ ಒಳಗಿನ ಯುದ್ಧದಲ್ಲೂ ಅಪರಾಧವೇ? ಅಲ್ಲಿಯವರೆಗೆ ಬಹಳ ಜನ ಅಲ್ಲ ಅಂದುಕೊಂಡಿದ್ದರು. ಹೊರಗೆ ಅಮಾನವೀಯವಾದದ್ದು ಒಳಗೆ ಮಾನವೀಯ ಆಗಲು ಸಾಧ್ಯವಿಲ್ಲ ಅಂತ ಪೀಠ ಹೇಳಿತು. ಸ್ಪೇನ್, ಕಾಂಗೊ, ನೈಜೀರಿಯಾದಂಥ ದೇಶಗಳ ನಡವಳಿಕೆಯನ್ನು ಒಂದೊಂದಾಗಿ ಹೆಕ್ಕಿ ತೋರಿಸಿತು. ಓದಿದರೆ ಗೊತ್ತಾಗುತ್ತದೆ, ಇದು ವರ್ಷಗಟ್ಟಲೆ ಲೈಬ್ರರಿಯಲ್ಲಿ ಕೂತವರು ಬರೆದದ್ದು. ಇವತ್ತು ಸಿರಿಯಾ, ಸುಡಾನ್ ಬಗ್ಗೆ ಯುದ್ಧಾಪರಾಧ ಅನ್ನುವ ಮಾತು ಆಡಲು ಸಾಧ್ಯವಾಗಿರುವುದರಲ್ಲಿ ಆ ತೀರ್ಪಿನ ಪಾಲು ದೊಡ್ಡದು.

ಇನ್ನೊಬ್ಬರು ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದ ಶೆರಿಫ್ ಬಸ್ಯೂನಿ. ಯುಗೊಸ್ಲಾವಿಯದ ಬಗ್ಗೆ ವಿಶ್ವಸಂಸ್ಥೆ 1992ರಲ್ಲಿ ತಜ್ಞರ ಆಯೋಗ ಮಾಡಿತು, ಆದರೆ ತನಿಖೆಗೆ ಸರಿಯಾಗಿ ದುಡ್ಡು ಕೊಡಲಿಲ್ಲ. ಆ ಆಯೋಗದಲ್ಲಿದ್ದ ಬಸ್ಯೂನಿ ತಮ್ಮ ವಿಶ್ವವಿದ್ಯಾಲಯದಲ್ಲೇ ಮಾಹಿತಿ ಕೋಶ ಕಟ್ಟಿದರು. ಕಾನೂನು ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಕೂತು ಸಾಕ್ಷ್ಯಗಳನ್ನು ವಿಂಗಡಿಸಿದರು. 1994ರಲ್ಲಿ ಬಂದ ವರದಿಯ ಅನುಬಂಧಗಳೇ 3,000 ಪುಟ ಮೀರಿದವು. ಎಲ್ಲಿ ಶಿಬಿರ ಇತ್ತು, ಎಲ್ಲಿ ಗುಂಪು ಗೋರಿ ಸಿಕ್ಕಿತು ಅನ್ನುವುದೆಲ್ಲ ಅದರಲ್ಲಿದೆ. ಅಧ್ಯಾಪಕರ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಉದಾಹರಣೆಯನ್ನೇ.

ಪ್ರೊಫೆಸರ್ ಆದವರು ನೇರವಾಗಿ ಅಂತರರಾಷ್ಟ್ರೀಯ ನ್ಯಾಯಾಧೀಶರಾಗಬಹುದಾ?

ಆಗಬಹುದು. ಐಸಿಸಿಯಲ್ಲಿ 18 ನ್ಯಾಯಾಧೀಶರಿದ್ದಾರೆ, ಅವಧಿ 9 ವರ್ಷ. ಅಭ್ಯರ್ಥಿಗಳ ಎರಡು ಪಟ್ಟಿ ಇರುತ್ತವೆ. ಒಂದು ಕ್ರಿಮಿನಲ್ ಕೋರ್ಟಿನ ಅನುಭವ ಇದ್ದವರದು. ಇನ್ನೊಂದು ಮಾನವೀಯ ಕಾನೂನು, ಮಾನವ ಹಕ್ಕು ಇಂಥ ವಿಷಯಗಳಲ್ಲಿ ಪಳಗಿದವರದು. ಎರಡನೇ ಪಟ್ಟಿಯಿಂದ ಪ್ರಾಧ್ಯಾಪಕರು ಬಂದಿದ್ದಾರೆ. ಆದರೆ ಸದಸ್ಯ ದೇಶದ ಪ್ರಜೆಯಾಗಿರಬೇಕು ಅನ್ನುವ ಷರತ್ತಿದೆ. ಭಾರತ ಸದಸ್ಯ ಅಲ್ಲ, ಹಾಗಾಗಿ ಸದ್ಯಕ್ಕೆ ಭಾರತೀಯರಿಗೆ ಈ ಬಾಗಿಲು ಮುಚ್ಚಿದೆ.

ಭಾರತ ಐಸಿಸಿಯ ಸದಸ್ಯನೇ ಅಲ್ಲ. ಹಾಗಾದರೆ ಇಲ್ಲಿ ಇದನ್ನು ಓದಿ ಏನು ಪ್ರಯೋಜನ?

ಈ ಪ್ರಶ್ನೆ ಕೇಳುವವರಲ್ಲಿ ಅರ್ಧ ಜನಕ್ಕೆ ಜಿನೀವಾ ಒಪ್ಪಂದಗಳ ವಿಷಯವೇ ಗೊತ್ತಿರುವುದಿಲ್ಲ. ಭಾರತ 1950ರಲ್ಲೇ ಅವುಗಳನ್ನು ಒಪ್ಪಿತು. 1960ರಲ್ಲಿ ಅದಕ್ಕಾಗಿಯೇ ಸಂಸತ್ತು ಜಿನೀವಾ ಕನ್ವೆನ್ಶನ್ಸ್ ಆಕ್ಟ್ ಮಾಡಿತು. ನರಮೇಧ ಒಪ್ಪಂದವನ್ನು 1959ರಲ್ಲಿ ಅಂಗೀಕರಿಸಿತು. ಆದರೆ 1977ರ ಎರಡು ಪ್ರೋಟೋಕಾಲ್‌ಗಳಿಗೆ ಸೇರಿಲ್ಲ.

1998ರ ಜುಲೈನಲ್ಲಿ ರೋಮ್‌ನಲ್ಲಿ ಐಸಿಸಿ ಸಂವಿಧಿಗೆ ಮತದಾನ ನಡೆದಾಗ 120 ದೇಶಗಳು ಪರ, 7 ವಿರುದ್ಧ, 21 ತಟಸ್ಥ. ಭಾರತ ತಟಸ್ಥವಾಗಿ ಉಳಿಯಿತು. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರವನ್ನು ಭಾರತ ಒಪ್ಪಲಿಲ್ಲ. ಅಣ್ವಸ್ತ್ರ ಬಳಕೆಯನ್ನು ಅಪರಾಧದ ಪಟ್ಟಿಗೆ ಸೇರಿಸದೇ ಇದ್ದದ್ದನ್ನೂ ಪ್ರಶ್ನಿಸಿತು. ಈ ಆಕ್ಷೇಪಗಳನ್ನು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅವು ಗಟ್ಟಿ ಕಾನೂನು ವಾದಗಳು. ಅವುಗಳ ಮೇಲೆ ಒಳ್ಳೆಯ ಪಿಎಚ್‌ಡಿಯೇ ಮಾಡಬಹುದು.

ನಮ್ಮ ಮನೆಯೊಳಗಿನ ಪ್ರಶ್ನೆಯೂ ಇದೆ. 1984ರ ಸಿಖ್ ವಿರೋಧಿ ಹತ್ಯೆಗಳ ಒಂದು ಪ್ರಕರಣದಲ್ಲಿ, 2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟ್ ಕಾಂಗ್ರೆಸ್ ನಾಯಕರಾಗಿದ್ದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮಾನವತೆಯ ವಿರುದ್ಧದ ಅಪರಾಧ, ನರಮೇಧ ಎರಡೂ ನಮ್ಮ ದೇಶದ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕೊರತೆಯನ್ನು ಬೇಗ ಸರಿಪಡಿಸಬೇಕು ಅಂತ ಅದೇ ತೀರ್ಪಿನಲ್ಲಿ ಬರೆಯಿತು. ಆಮೇಲೆ ಭಾರತೀಯ ನ್ಯಾಯ ಸಂಹಿತೆ ಬಂತು, 2024ರ ಜುಲೈ 1ರಿಂದ ಜಾರಿಗೂ ಬಂತು. ಅದರಲ್ಲೂ ಈ ಎರಡು ಅಪರಾಧಗಳಿಲ್ಲ. ಇದರ ಬಗ್ಗೆ ಬರೆಯುವವರು, ಪಾಠ ಮಾಡುವವರು ನಮಗೆ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೊಂದು ಮಾತು. ಐಸಿಸಿಯ ಮೊದಲ ಶಿಕ್ಷೆ ಆಗಿದ್ದು ಕಾಂಗೊದ ತೋಮಾ ಲುಬಾಂಗಾಗೆ, 2012ರಲ್ಲಿ, ಮಕ್ಕಳ ಕೈಗೆ ಬಂದೂಕು ಕೊಟ್ಟಿದ್ದಕ್ಕೆ. ಅದೇ ಪೂರ್ವ ಕಾಂಗೊದಲ್ಲಿ ನಮ್ಮ ಸೈನಿಕರು ಶಾಂತಿಪಾಲನೆಗೆ ವರ್ಷಗಟ್ಟಲೆ ಇದ್ದಾರೆ. ದೂರದ ವಿಷಯ ಅಂತ ಹೇಗೆ ಹೇಳುವುದು?

ನಮ್ಮವರು ಯಾರಾದರೂ ಈ ಕ್ಷೇತ್ರದಲ್ಲಿ ಹೆಸರು ಮಾಡಿದ್ದಾರಾ?

ರಾಧಾಬಿನೋದ್ ಪಾಲ್ ಅವರ ಹೆಸರು ಮೊದಲು ಬರುತ್ತದೆ. ಕಲ್ಕತ್ತದಲ್ಲಿ ಕಾನೂನು ಪಾಠ ಮಾಡುತ್ತಿದ್ದವರು. ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯ 11 ನ್ಯಾಯಾಧೀಶರಲ್ಲಿ ಒಬ್ಬರು. ಎಲ್ಲ ಆರೋಪಿಗಳನ್ನೂ ಬಿಡಬೇಕು ಅಂತ ಸಾವಿರಕ್ಕೂ ಹೆಚ್ಚು ಪುಟಗಳ ಭಿನ್ನ ತೀರ್ಪು ಬರೆದರು. ಗೆದ್ದವರು ಸೋತವರಿಗೆ ಮಾತ್ರ ನ್ಯಾಯ ಹೇಳುವುದು ಸರಿಯಲ್ಲ, ಕೃತ್ಯ ನಡೆದಾಗ ಇಲ್ಲದ ಕಾನೂನನ್ನು ಆಮೇಲೆ ಹೇರುವುದೂ ಸರಿಯಲ್ಲ, ಇದು ಅವರ ವಾದದ ತಿರುಳು. ಜಪಾನಿನ ಸೈನ್ಯ ಕ್ರೌರ್ಯವನ್ನೇ ಮಾಡಲಿಲ್ಲ ಅಂತ ಅವರು ಎಲ್ಲೂ ಹೇಳಲಿಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ ಆ ಸೈನ್ಯ ನಡೆಸಿದ ಹತ್ಯಾಕಾಂಡಕ್ಕೆ ಸಾಕ್ಷ್ಯ ಬಲವಾಗಿದೆ ಅಂತಲೇ ಬರೆದರು. ಆದರೆ ತೀರ್ಪನ್ನು ಓದದವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಎತ್ತಿಕೊಂಡರು. ಪಾಲ್ ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೂ ಅದನ್ನು ಓದದೆ ಈ ವಿಷಯ ಕಲಿಸಲು ಸಾಧ್ಯವಿಲ್ಲ.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿ ಎಲ್ಲರಿಗೂ ಗೊತ್ತು. 1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು. ಮುಂದಿನ ವರ್ಷವೇ ತೀರಿಕೊಂಡರು. ಜೆಎನ್‌ಯುನಲ್ಲಿ ಪಾಠ ಮಾಡಿದ ವಿ.ಎಸ್. ಮಣಿ ಅವರು ದಕ್ಷಿಣ ಏಷ್ಯಾದಲ್ಲಿ ಮಾನವೀಯ ಕಾನೂನಿನ ಬೋಧನೆ ಬೆಳೆಯಲು ಬಹಳ ದುಡಿದರು.

ಯುದ್ಧದಲ್ಲಿ ಯಾರು ಸರಿ, ಯಾರು ತಪ್ಪು ಅಂತ ನಾವು ಹೇಳಬೇಕಾ? ಪಕ್ಷ ವಹಿಸಬಹುದಾ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಯುದ್ಧ ಶುರು ಮಾಡಿದ್ದು ಸರಿಯೇ ಅನ್ನುವುದು ಒಂದು ಪ್ರಶ್ನೆ. ಯುದ್ಧ ಮಾಡಿದ ರೀತಿ ಸರಿಯೇ ಅನ್ನುವುದು ಬೇರೆ ಪ್ರಶ್ನೆ. ಮಾನವೀಯ ಕಾನೂನು ನೋಡುವುದು ಎರಡನೆಯದನ್ನು ಮಾತ್ರ. ದಾಳಿ ಮಾಡಿದ ದೇಶದ ಸೈನಿಕ ಸೆರೆ ಸಿಕ್ಕರೂ ಅವನಿಗೆ ಯುದ್ಧ ಕೈದಿಯ ಪೂರ್ತಿ ರಕ್ಷಣೆ ಇದೆ. ಅನ್ಯಾಯಕ್ಕೆ ಒಳಗಾದ ಕಡೆಯವರು ಆಸ್ಪತ್ರೆಯ ಮೇಲೆ ಬಾಂಬ್ ಹಾಕಿದರೂ ಅದೇ ಕಾನೂನು ಅವರನ್ನು ಪ್ರಶ್ನಿಸುತ್ತದೆ. ಎರಡೂ ಕಡೆಗೆ ಒಂದೇ ಅಳತೆ. ಇದನ್ನು ಒಪ್ಪಲು ಆಗದಿದ್ದರೆ ಈ ವೃತ್ತಿ ಬೇಡ. ಒಳ್ಳೆಯ ಹೋರಾಟಗಾರರಾಗಬಹುದು, ಪತ್ರಕರ್ತರಾಗಬಹುದು. ಈ ವಿಷಯದ ಅಧ್ಯಾಪಕರಾಗುವುದು ಕಷ್ಟ.

ಥಿಯೊಡೋರ್ ಮೆರಾನ್ ಅವರ ಬದುಕು ನೋಡಿ. ಪೋಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ನಾಜಿಗಳ ದುಡಿಮೆ ಶಿಬಿರದಲ್ಲಿ ನರಳಿ, ಬದುಕುಳಿದು ಬಂದವರು. 1967ರಲ್ಲಿ ಇಸ್ರೇಲ್ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರರಾಗಿದ್ದರು. ಯುದ್ಧದಲ್ಲಿ ವಶಪಡಿಸಿಕೊಂಡ ಜಾಗದಲ್ಲಿ ನಮ್ಮ ನಾಗರಿಕರನ್ನು ನೆಲೆಗೊಳಿಸಬಹುದೇ ಅಂತ ಸರ್ಕಾರ ಕೇಳಿತು. ಅದು ನಾಲ್ಕನೇ ಜಿನೀವಾ ಒಪ್ಪಂದಕ್ಕೆ ವಿರುದ್ಧ ಅಂತ ಅವರು ಗುಪ್ತ ಟಿಪ್ಪಣಿಯಲ್ಲಿ ನೇರವಾಗಿ ಬರೆದುಕೊಟ್ಟರು. ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು, ಯುಗೊಸ್ಲಾವಿಯ ನ್ಯಾಯಮಂಡಳಿಯ ಅಧ್ಯಕ್ಷರಾದರು. 2024ರ ಮೇ ತಿಂಗಳಲ್ಲಿ ಐಸಿಸಿ ಪ್ರಾಸಿಕ್ಯೂಟರ್ ಹಮಾಸ್ ನಾಯಕರ ಮೇಲೂ ಇಸ್ರೇಲಿನ ಪ್ರಧಾನಿ, ರಕ್ಷಣಾ ಮಂತ್ರಿಯ ಮೇಲೂ ವಾರಂಟ್ ಕೇಳಿದರು. ಅದಕ್ಕೆ ಆಧಾರ ಇದೆ ಅಂತ ಒಮ್ಮತದಿಂದ ಹೇಳಿದ ತಜ್ಞರ ಸಮಿತಿಯಲ್ಲಿ ತೊಂಬತ್ತು ದಾಟಿದ ಮೆರಾನ್ ಕೂಡ ಇದ್ದರು. ಅವರ ಎಲ್ಲ ತೀರ್ಪುಗಳನ್ನೂ ವಿದ್ವಾಂಸರು ಒಪ್ಪಿದ್ದಾರೆ ಅಂತಲ್ಲ. ಕೆಲವನ್ನು ಕಟುವಾಗಿ ಟೀಕಿಸಿದ್ದಾರೆ. ಆದರೆ ತನ್ನವರ ವಿಷಯ ಬಂದಾಗ ಅಳತೆ ಬದಲಿಸಲಿಲ್ಲ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ನಿಮಗೊಂದು ಅಭ್ಯಾಸ ಹೇಳುತ್ತೇನೆ. ನೀವು ದ್ವೇಷಿಸುವ ಕಡೆಯವರು ಮಾಡಿದ ಒಂದು ದಾಳಿಯ ಬಗ್ಗೆ ಎರಡು ಪುಟ ಬರೆಯಿರಿ. ಆಮೇಲೆ ಹೆಸರುಗಳನ್ನು ಅದಲು ಬದಲು ಮಾಡಿ ಓದಿ. ಮಾತು ಎಲ್ಲಿ ಇರಿಸುಮುರಿಸು ಮಾಡುತ್ತದೋ ಅಲ್ಲಿ ಕಾನೂನು ಇಲ್ಲ, ಸುಮ್ನೆ ಸಿಟ್ಟು ಇದೆ.

ಮಹಾಭಾರತದ ಧರ್ಮಯುದ್ಧದಲ್ಲಿ ಇದೆಲ್ಲ ಮೊದಲೇ ಇತ್ತಲ್ವಾ?

ಸೂರ್ಯ ಮುಳುಗಿದ ಮೇಲೆ ಹೋರಾಡಬಾರದು, ಆಯುಧ ಕೆಳಗಿಟ್ಟವನನ್ನು ಕೊಲ್ಲಬಾರದು ಇಂಥ ನಿಯಮಗಳು ಇದ್ದವು ನಿಜ. ಭೀಮ ದುರ್ಯೋಧನನ ತೊಡೆಗೆ ಹೊಡೆದದ್ದು ಸರಿಯೇ ಅಂತ ನಮ್ಮ ಕಡೆ ತಾಳಮದ್ದಲೆಯಲ್ಲಿ ಇವತ್ತಿಗೂ ರಾತ್ರಿಯಿಡೀ ವಾದ ಮಾಡುತ್ತಾರೆ. ಪಾಠದಲ್ಲಿ ಇದನ್ನು ಬಳಸಿ, ವಿದ್ಯಾರ್ಥಿಗಳಿಗೆ ತಟ್ಟನೆ ಹಿಡಿಸುತ್ತದೆ. ಆದರೆ ಜಿನೀವಾ ಒಪ್ಪಂದ ಅಲ್ಲಿಂದಲೇ ಬಂತು ಅಂತ ಬರೆಯಬೇಡಿ. ಹೋಲಿಕೆ ಇದೆ ಅನ್ನುವುದು ಒಂದು, ಮೂಲ ಅದೇ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಪುರಾವೆ ಬೇಕು. ಈಗಿನ ಒಪ್ಪಂದಗಳ ಸಾಲು ಶುರುವಾದದ್ದು 1864ರಲ್ಲಿ. 1859ರ ಸೊಲ್ಫೆರಿನೊ ಕದನದ ಗಾಯಾಳುಗಳನ್ನು ಕಣ್ಣಾರೆ ಕಂಡ ಆನ್ರಿ ಡ್ಯುನಾಂಟ್ ಹಚ್ಚಿದ ಕೆಲಸ ಅದು.

ಎಲ್‌ಎಲ್‌ಬಿ ಆದ ಮೇಲೆ ದಾರಿ ಯಾವುದು?

ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ), ಆಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ಕರ್ನಾಟಕದ್ದು), ಆಮೇಲೆ ಪಿಎಚ್‌ಡಿ. ಐದು ವರ್ಷದ ಕೋರ್ಸ್ ಮಾಡಿದ್ದೀರೋ ಮೂರು ವರ್ಷದ್ದೋ ಅನ್ನುವುದು ಮುಖ್ಯವಲ್ಲ. ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಸೆಟ್ ಸಾಕು, ಪಿಎಚ್‌ಡಿ ಕಡ್ಡಾಯವಲ್ಲ. ಆದರೂ ಈ ವಿಷಯದಲ್ಲಿ ಉಳಿಯುವ ಮನಸ್ಸಿದ್ದರೆ ಪಿಎಚ್‌ಡಿ ಮಾಡಲೇಬೇಕು.

ಖುಷಿಯ ವಿಷಯ ಅಂದರೆ, ನೆಟ್‌ನ ಕಾನೂನು ಪಠ್ಯಕ್ರಮದಲ್ಲಿ ಮೂರನೇ ಘಟಕವೇ ಅಂತರರಾಷ್ಟ್ರೀಯ ಕಾನೂನು ಮತ್ತು ಮಾನವೀಯ ಕಾನೂನು. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಕೊಡುವ ಸಂಶೋಧನಾ ವೇತನ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯಿಂದ ದುಡ್ಡು ತರಲು ಆಗದವರಿಗೆ ಪಿಎಚ್‌ಡಿ ಸಾಧ್ಯ ಮಾಡುವುದು ಇದೇ. ಬರೀ ಪಾಸಾಗಲು ಓದಬೇಡಿ, ಜೆಆರ್‌ಎಫ್‌ಗೆ ಓದಿ.

ಎಲ್‌ಎಲ್‌ಎಂ ವಿದೇಶದಲ್ಲೇ ಮಾಡಬೇಕಾ?

ಬೇಕೇ ಬೇಕು ಅಂತಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ದೆಹಲಿಯ ಸೌತ್ ಏಷ್ಯನ್ ಯೂನಿವರ್ಸಿಟಿ, ಜೆಎನ್‌ಯುನ ಅಂತರರಾಷ್ಟ್ರೀಯ ಕಾನೂನು ಕೇಂದ್ರ, ಇಲ್ಲೆಲ್ಲ ಗಟ್ಟಿ ತಳಪಾಯ ಸಿಗುತ್ತದೆ. 1959ರಲ್ಲಿ ಶುರುವಾದ ದೆಹಲಿಯ ಇಂಡಿಯನ್ ಸೊಸೈಟಿ ಆಫ್ ಇಂಟರ್‌ನ್ಯಾಷನಲ್ ಲಾ ಈ ವಿಷಯದಲ್ಲಿ ಡಿಪ್ಲೊಮಾ ಕೊಡುತ್ತದೆ.

ವಿದೇಶದಲ್ಲಾದರೆ ಜಿನೀವಾ ಅಕಾಡೆಮಿ, ನೆದರ್‌ಲ್ಯಾಂಡ್ಸ್‌ನ ಲೈಡನ್, ಐರ್ಲೆಂಡಿನ ಗಾಲ್ವೇ, ಇಂಗ್ಲೆಂಡಿನ ಎಸೆಕ್ಸ್ ಹೆಸರುವಾಸಿ. ಜಿನೀವಾದಲ್ಲಿ ಮಾನವೀಯ ಕಾನೂನು ಮುಖ್ಯ, ಗಾಲ್ವೇಯಲ್ಲಿ ಅಪರಾಧ ಕಾನೂನಿಗೇ ಪ್ರತ್ಯೇಕ ಎಲ್‌ಎಲ್‌ಎಂ ಇದೆ. ಖರ್ಚು ಮಾತ್ರ ಬಹಳ. ಈ ಪದವಿಗಾಗಿ ಮನೆ, ಜಮೀನು ಅಡ ಇಟ್ಟು ಸಾಲ ಮಾಡಬೇಡಿ ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಅಧ್ಯಾಪಕರ ಸಂಬಳದಲ್ಲಿ ಆ ಸಾಲ ತೀರಲು ವರ್ಷಗಳೇ ಬೇಕು. ಸ್ಕಾಲರ್‌ಶಿಪ್ ಸಿಕ್ಕರೆ ಹೋಗಿ. ಶೆವ್ನಿಂಗ್, ಕಾಮನ್‌ವೆಲ್ತ್, ಫುಲ್‌ಬ್ರೈಟ್-ನೆಹರೂ, ಇನ್‌ಲ್ಯಾಕ್ಸ್, ಫೆಲಿಕ್ಸ್ ಇವನ್ನೆಲ್ಲ ನೋಡಿ. ಶೆವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ಕರ್ನಾಟಕದ ಪ್ರಬುದ್ಧ ಯೋಜನೆ ಇವೆ. ಷರತ್ತುಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಅಧಿಸೂಚನೆಯನ್ನೇ ಓದಿ.

ಪಿಎಚ್‌ಡಿಯ ಲೆಕ್ಕ ಬೇರೆ. ನೆದರ್‌ಲ್ಯಾಂಡ್ಸ್, ನಾರ್ವೆ, ಸ್ವೀಡನ್‌ಗಳಲ್ಲಿ ಪಿಎಚ್‌ಡಿ ಅನ್ನುವುದು ಬಹುಪಾಲು ಸಂಬಳದ ನೌಕರಿ. ಜಾಹೀರಾತು ಹಾಕುತ್ತಾರೆ, ಸಂದರ್ಶನ ಮಾಡುತ್ತಾರೆ. ಎಲ್‌ಎಲ್‌ಎಂ ಇಲ್ಲೇ ಮುಗಿಸಿ ಪಿಎಚ್‌ಡಿಗೆ ಅಲ್ಲಿಗೆ ಹೋಗುವುದು ಜಾಣತನದ ದಾರಿ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್‌ನಲ್ಲಿ ಅಷ್ಟು ಬಲ ಇಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ಮಾತಾಡುವ ಇಂಗ್ಲಿಷ್‌ಗಿಂತ ಇಲ್ಲಿ ಓದುವ, ಬರೆಯುವ ಇಂಗ್ಲಿಷ್ ಮುಖ್ಯ. ತೀರ್ಪುಗಳ ಭಾಷೆ ಒಂದು ಹತಾರು ಇದ್ದ ಹಾಗೆ, ಬಳಸುತ್ತಾ ಬಳಸುತ್ತಾ ಕೈಗೆ ಒಗ್ಗುತ್ತದೆ. ದಿನಕ್ಕೆ ಐದು ಪುಟ ಓದಿ. ಓದಿದ್ದರ ಸಾರವನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಬರೆಯಲು ಬರದಿದ್ದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ.

ಫ್ರೆಂಚ್ ಕಲಿತರೆ ದೊಡ್ಡ ಅನುಕೂಲ. ಐಸಿಸಿಯ ಕೆಲಸದ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿಯಬಹುದು. ಅರೇಬಿಕ್ ಗೊತ್ತಿರುವವರಿಗೆ ಇನ್ನೂ ಬೇಡಿಕೆ ಇದೆ.

ಮೊದಲು ಏನು ಓದಲಿ?

ಗೈಡ್ ಪುಸ್ತಕ ಪಕ್ಕಕ್ಕಿಡಿ. ನಾಲ್ಕು ಜಿನೀವಾ ಒಪ್ಪಂದಗಳಿಗೂ ಸಾಮಾನ್ಯವಾದ 3ನೇ ವಿಧಿ ಓದಿ, ಅರ್ಧ ಪುಟ ಇದೆ. ದೇಶದೊಳಗಿನ ಸಂಘರ್ಷಗಳ ಕಾನೂನು ಅಲ್ಲಿಂದ ಶುರುವಾಗುತ್ತದೆ. ಆಮೇಲೆ ಒಂದು ತೀರ್ಪನ್ನು ಮೊದಲಿನಿಂದ ಕೊನೆಯವರೆಗೆ ಓದಿ. ತುಣುಕು ತುಣುಕಾಗಿ ಬೇಡ.

ಮೊದಲನೆಯದಾಗಿ 2016ರ ಅಲ್ ಮಹ್ದಿ ತೀರ್ಪು ಒಳ್ಳೆಯದು. ಮಾಲಿ ದೇಶದ ಟಿಂಬಕ್ಟುವಿನಲ್ಲಿ ಹಳೆಯ ಸಂತರ ಗೋರಿಗಳನ್ನು ಕೆಡವಿದವನ ಕೇಸು. ಅವನು ತಪ್ಪೊಪ್ಪಿಕೊಂಡಿದ್ದರಿಂದ ತೀರ್ಪು ಚಿಕ್ಕದು. 9 ವರ್ಷ ಶಿಕ್ಷೆ ಆಯಿತು. ಆಮೇಲೆ 1995ರ ಟಾಡಿಚ್. ಆಮೇಲೆ, ಆಫ್ರಿಕಾದ ರುವಾಂಡದಲ್ಲಿ ನಡೆದ ನರಮೇಧಕ್ಕಾಗಿ ವಿಶ್ವಸಂಸ್ಥೆ ಮಾಡಿದ ನ್ಯಾಯಮಂಡಳಿಯ 1998ರ ಅಕಯೇಸು ತೀರ್ಪು. ಅಕಯೇಸು ಅಲ್ಲಿನ ಒಬ್ಬ ಮೇಯರ್. ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ನರಮೇಧಕ್ಕೆ ಶಿಕ್ಷೆ ಕೊಟ್ಟದ್ದು ಅದೇ ಮೊದಲು. ಅತ್ಯಾಚಾರವೂ ನರಮೇಧದ ಭಾಗವಾಗಬಹುದು ಅಂತ ಹೇಳಿದ್ದೂ ಅದೇ. ಶುರುವಿನ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ ಅನ್ನುವುದನ್ನು ನೆನಪಿಡಿ. ಸಾಕ್ಷಿ ಹೇಳಲು ಬಂದ ಹೆಣ್ಣುಮಕ್ಕಳು ಬಾಯಿಬಿಟ್ಟರು. ಪೀಠದಲ್ಲಿದ್ದ ಒಬ್ಬರೇ ಮಹಿಳೆ ನವನೀತಂ ಪಿಳ್ಳೈ ಅದನ್ನು ಕೇಳಿಸಿಕೊಂಡು ಮುಂದೆ ಪ್ರಶ್ನಿಸಿದರು. ಮಹಿಳಾ ಹಕ್ಕುಗಳ ತಜ್ಞೆಯರು ಕೋರ್ಟಿಗೆ ಲಿಖಿತ ವಾದ ಕೊಟ್ಟರು. 1997ರಲ್ಲಿ ಆರೋಪಪಟ್ಟಿ ತಿದ್ದುಪಡಿ ಆಯಿತು. ತೀರ್ಪಿನಲ್ಲಿ ಆ ಸಾಕ್ಷಿಗಳ ಮಾತು ಬರುವ ಪುಟಗಳನ್ನು ನಿಧಾನವಾಗಿ ಓದಿ.

ಇವೆಲ್ಲ ಆಯಾ ನ್ಯಾಯಾಲಯಗಳ ವೆಬ್‌ಸೈಟ್‌ನಲ್ಲಿ ಉಚಿತ. ರೆಡ್ ಕ್ರಾಸ್ ಸಮಿತಿ 2005ರಲ್ಲಿ ಪ್ರಕಟಿಸಿದ ರೂಢಿಗತ ಮಾನವೀಯ ಕಾನೂನಿನ 161 ನಿಯಮಗಳೂ ಉಚಿತ. ವಿಶ್ವಸಂಸ್ಥೆಯ ಆಡಿಯೊವಿಷುವಲ್ ಲೈಬ್ರರಿಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಉಪನ್ಯಾಸಗಳಿವೆ. ಹಳ್ಳಿಯಲ್ಲಿ ಕೂತು ಮೊಬೈಲ್‌ನಲ್ಲೇ ಕೇಳಬಹುದು.

ಮೂಟ್ ಕೋರ್ಟ್ ಮಾಡಲೇಬೇಕಾ?

ಮೂಟ್ ಅಂದರೆ ವಿದ್ಯಾರ್ಥಿಗಳು ವಾದ ಮಾಡುವ ಅಣಕು ನ್ಯಾಯಾಲಯದ ಸ್ಪರ್ಧೆ. ಅವಕಾಶ ಸಿಕ್ಕರೆ ಬಿಡಬೇಡಿ. ಭಾರತದಲ್ಲಿ ಆನ್ರಿ ಡ್ಯುನಾಂಟ್ ಸ್ಮಾರಕ ಮೂಟ್ ಇದೆ. ಹೊರಗೆ ಐಸಿಸಿ ಮೂಟ್, ನ್ಯೂರೆಂಬರ್ಗ್ ಮೂಟ್ ಇವೆ. ನನಗೆ ಎಲ್ಲಕ್ಕಿಂತ ಇಷ್ಟ ಜಾನ್ ಪಿಕ್ಟೆ ಸ್ಪರ್ಧೆ. ಅಲ್ಲಿ ಮೂವರ ತಂಡ ಒಂದು ವಾರ ಕಾಲ್ಪನಿಕ ಯುದ್ಧದೊಳಗೆ ಇರುತ್ತದೆ. ಒಮ್ಮೆ ರೆಡ್ ಕ್ರಾಸ್ ಪ್ರತಿನಿಧಿ, ಇನ್ನೊಮ್ಮೆ ಸೈನ್ಯದ ಕಾನೂನು ಅಧಿಕಾರಿ, ಹೀಗೆ ಪಾತ್ರ ಬದಲಾಗುತ್ತದೆ. ಎರಡೂ ಕಡೆಗೆ ಒಂದೇ ಅಳತೆ ಅನ್ನುವುದು ಅಲ್ಲಿ ಮೈಗೆ ಹತ್ತುತ್ತದೆ. ನಿಮ್ಮ ಕಾಲೇಜಿನಲ್ಲಿ ಮೂಟ್ ಸಂಸ್ಕೃತಿ ಇಲ್ಲದಿದ್ದರೆ ಬೇಜಾರು ಬೇಡ. ಪಿಎಚ್‌ಡಿ ಸಂದರ್ಶನದಲ್ಲಿ ಕಪ್ ಎಷ್ಟು ಗೆದ್ದಿರಿ ಅಂತ ಕೇಳುವುದಿಲ್ಲ, ಏನು ಬರೆದಿದ್ದೀರಿ ಅಂತ ಕೇಳುತ್ತಾರೆ.

ಕರ್ನಾಟಕದಲ್ಲೇ ಇದ್ದು ಸಂಶೋಧನೆ ಮಾಡುವಂಥ ವಿಷಯ ಏನಾದರೂ ಇದೆಯಾ?

ಬೇಕಾದಷ್ಟಿದೆ, ಮಾಡುವವರು ಕಡಿಮೆ.

ನಮ್ಮ ವೀರಗಲ್ಲುಗಳನ್ನೇ ತಗೊಳ್ಳಿ. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಅಂತ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದನ ಹೊಡೆದುಕೊಂಡು ಹೋದಾಗ, ಹೆಂಗಸರ ಮೇಲೆ ಕೈ ಹಾಕಿದಾಗ, ಊರು ಹಾಳು ಮಾಡಿದಾಗ ಎದುರು ನಿಂತು ಸತ್ತವರ ಕಲ್ಲುಗಳು ಅವು. ನಾಗರಿಕರ ಮೇಲಿನ ಹಿಂಸೆಯನ್ನು ಅಂದಿನ ಸಮಾಜ ಹೇಗೆ ಕಂಡಿತು ಅಂತ ತಿಳಿಯಲು ಇಂಥ ದಾಖಲೆ ಎಷ್ಟು ಕಡೆ ಇದೆ ಹೇಳಿ? ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಪಾಠಗಳು ಸಿಗುತ್ತವೆ. ಹಳಗನ್ನಡ ಬರುವ ಕಾನೂನು ವಿದ್ಯಾರ್ಥಿ ಮಾತ್ರ ಮಾಡಬಲ್ಲ ಕೆಲಸ ಇದು.

1784ರಲ್ಲಿ ಟಿಪ್ಪು ಮತ್ತು ಇಂಗ್ಲಿಷ್ ಕಂಪನಿಯ ನಡುವೆ ಆದ ಮಂಗಳೂರು ಒಪ್ಪಂದದಲ್ಲಿ ಕೈದಿಗಳ ಬಿಡುಗಡೆಯ ಮಾತಿದೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಯುದ್ಧ ಕೈದಿಗಳನ್ನು ಬೆಂಗಳೂರಿನ ಜಾಲಹಳ್ಳಿ ಕಡೆ ಶಿಬಿರಗಳಲ್ಲಿ ಇಟ್ಟಿದ್ದರು. ಆಗ ಯುದ್ಧ ಕೈದಿಗಳಿಗೆ 1929ರ ಜಿನೀವಾ ಒಪ್ಪಂದ ಅನ್ವಯಿಸುತ್ತಿತ್ತು. ಅದು ಇಲ್ಲಿ ಹೇಗೆ ಪಾಲನೆಯಾಯಿತು ಅನ್ನುವುದು ಪಿಎಚ್‌ಡಿಗೆ ಹೇಳಿಮಾಡಿಸಿದ ವಿಷಯ. ನಿರಾಶ್ರಿತರ ಕಾನೂನಿನ ಕಡೆ ಒಲವಿದ್ದರೆ ಬೈಲುಕುಪ್ಪೆ ಇದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರದ ದೇಶದಲ್ಲಿ 60 ವರ್ಷ ದಾಟಿದ ಟಿಬೆಟನ್ ನೆಲೆ ಹೇಗೆ ನಡೆಯುತ್ತಿದೆ ಅಂತ ನೋಡಬಹುದು.

ಕೆಲಸ ಸಿಗುತ್ತಾ? ಸಂಬಳ ಎಷ್ಟು?

ಬರೀ ಮಾನವೀಯ ಕಾನೂನು ಕಲಿಸಲು ಅಂತ ಹುದ್ದೆ ನಮ್ಮಲ್ಲಿ ಬಲು ಅಪರೂಪ. ಕೆಲಸ ಸಿಗುವುದು ಕಾನೂನು ಅಧ್ಯಾಪಕರಾಗಿ. ಹಾಗಾಗಿ ಅಪರಾಧ ಕಾನೂನು, ಸಂವಿಧಾನ ಅಥವಾ ಸಾಕ್ಷ್ಯ ಕಾನೂನು, ಇವುಗಳಲ್ಲಿ ಒಂದನ್ನು ಚೆನ್ನಾಗಿ ಕಲಿಸಲು ಬರಬೇಕು. ಅದು ಹೊಟ್ಟೆಪಾಡಿಗೆ ಮಾತ್ರ ಅಂದುಕೊಳ್ಳಬೇಡಿ. ಸಾಕ್ಷ್ಯ ಕಾನೂನು ಗೊತ್ತಿಲ್ಲದವರು ಯುದ್ಧಾಪರಾಧದ ತೀರ್ಪನ್ನು ಸರಿಯಾಗಿ ಓದಲಾರರು.

ಯುಜಿಸಿ ವೇತನದಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ರೂಪಾಯಿಯಿಂದ ಶುರು, ಮೇಲೆ ಭತ್ಯೆಗಳು. ಆದರೆ ಕಾಯಂ ಹುದ್ದೆಗಳಿಗೆ ವರ್ಷಗಟ್ಟಲೆ ಕಾಯಬೇಕು. ಅತಿಥಿ ಉಪನ್ಯಾಸಕರಾಗಿ ಕಡಿಮೆ ದುಡ್ಡಿಗೆ ದುಡಿಯುವವರು ಬಹಳ. ಖಾಸಗಿ ವಿಶ್ವವಿದ್ಯಾಲಯಗಳು ಬೇಗ ತಗೊಳ್ಳುತ್ತವೆ, ಪಾಠದ ಹೊರೆಯೂ ಜಾಸ್ತಿ. ಪಿಎಚ್‌ಡಿ ಮುಗಿಯುವ ಹೊತ್ತಿಗೆ ನಿಮ್ಮ ಜೊತೆ ಓದಿದವರು ಲಾ ಫರ್ಮ್‌ನಲ್ಲಿ ಎಷ್ಟೋ ಪಟ್ಟು ಗಳಿಸುತ್ತಿರುತ್ತಾರೆ. ಇದನ್ನು ಮನೆಯವರ ಜೊತೆ ಮೊದಲೇ ಕೂತು ಮಾತಾಡಿ.

ಹೇಗ್‌ನಲ್ಲಿ ಇಂಟರ್ನ್‌ಶಿಪ್ ಮಾಡಬಹುದಾ?

ಸದಸ್ಯವಲ್ಲದ ದೇಶದವರೂ ಅರ್ಜಿ ಹಾಕಬಹುದು. ಆದರೆ ಐಸಿಸಿಯ ಇಂಟರ್ನ್‌ಶಿಪ್ ಹೆಚ್ಚಿನವು ಸಂಬಳವಿಲ್ಲದವು, ಹೇಗ್‌ನಲ್ಲಿ ಮನೆ ಬಾಡಿಗೆ ದುಬಾರಿ. ದುಡ್ಡಿನ ನೆರವು ಇದೆಯಾ ಅಂತ ಮೊದಲು ನೋಡಿ. ಅದಕ್ಕಿಂತ ಹೇಗ್ ಅಕಾಡೆಮಿಯ ಬೇಸಿಗೆ ಕೋರ್ಸ್‌ಗೆ ಸ್ಕಾಲರ್‌ಶಿಪ್ ಹಾಕುವುದು ಒಳ್ಳೆಯದು. ಕೆಲವೇ ವಾರ, ಪಾಠ ಶ್ರೇಷ್ಠ, ಪಕ್ಕದಲ್ಲೇ ಪೀಸ್ ಪ್ಯಾಲೆಸ್ ಲೈಬ್ರರಿ. ಪಾಠ ಮಾಡಲು ಶುರು ಮಾಡಿದವರಿಗೆ ರೆಡ್ ಕ್ರಾಸ್ ಸಮಿತಿಯ ದೆಹಲಿ ಕಚೇರಿ ತರಬೇತಿ ನಡೆಸುತ್ತದೆ.

ಇಂಥದ್ದನ್ನೇ ದಿನಾ ಓದುತ್ತಿದ್ದರೆ ಮನಸ್ಸು ಕೆಡುವುದಿಲ್ವಾ?

ಕೆಡುತ್ತದೆ. ಯಾರಿಗೂ ಏನೂ ಆಗುವುದಿಲ್ಲ ಅನ್ನುವವರ ಮಾತು ನಂಬಬೇಡಿ. ಸಾಕ್ಷಿ ಹೇಳಿಕೆಗಳನ್ನು ಹಗಲು ಹೊತ್ತಿನಲ್ಲೇ ಓದಿ, ಮಲಗುವ ಮುಂಚೆ ಬೇಡ. ಕೆಲಸಕ್ಕೆ ಬೇಕಿಲ್ಲದ ಫೋಟೊ, ವಿಡಿಯೊ ನೋಡಬೇಡಿ. ಇದೇ ಕ್ಷೇತ್ರದ ಒಬ್ಬಿಬ್ಬರು ಸ್ನೇಹಿತರು ಇರಲಿ, ಮನೆಯವರ ಹತ್ತಿರ ಎಲ್ಲ ಹೇಳಿಕೊಳ್ಳಲು ಆಗುವುದಿಲ್ಲ. ನಿದ್ದೆ ಕೆಟ್ಟರೆ, ಸಣ್ಣದಕ್ಕೂ ಸಿಟ್ಟು ಬರುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಹೋಗಲು ನಾಚಿಕೆ ಬೇಡ.

ಇದರ ಉಲ್ಟಾ ಸಮಸ್ಯೆಯೂ ಇದೆ. ಕೆಲವರಿಗೆ ವರ್ಷ ಕಳೆದಂತೆ ಏನೂ ಅನ್ನಿಸುವುದೇ ಇಲ್ಲ. ಸತ್ತವರು ಬರೀ ಪ್ಯಾರಾ ನಂಬರ್ ಆಗಿಬಿಡುತ್ತಾರೆ. ಆಗ ಸ್ವಲ್ಪ ದಿನ ಬೇರೆ ವಿಷಯ ಪಾಠ ಮಾಡಿ.

ಎಲ್ಲಿ ಪ್ರಕಟಿಸಬೇಕು?

ದುಡ್ಡು ಕೊಟ್ಟರೆ ವಾರದಲ್ಲಿ ಹಾಕುತ್ತೇವೆ ಅನ್ನುವ ಪತ್ರಿಕೆಗಳಿಂದ ದೂರ ಇರಿ. ಅಲ್ಲಿ ಬಂದ ಹತ್ತು ಲೇಖನಕ್ಕಿಂತ ಇಂಡಿಯನ್ ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಲಾದಲ್ಲಿ ಬಂದ ಒಂದು ತೀರ್ಪು ವಿಮರ್ಶೆ ಮೇಲು. 1869ರಿಂದ ಬರುತ್ತಿರುವ ರೆಡ್ ಕ್ರಾಸ್‌ನ ಇಂಟರ್‌ನ್ಯಾಷನಲ್ ರಿವ್ಯೂ, ಕಸೇಸೆ ಅವರು ಕಟ್ಟಿದ ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಕ್ರಿಮಿನಲ್ ಜಸ್ಟಿಸ್ ಇವನ್ನು ಓದುತ್ತಾ ಇರಿ. ಕನ್ನಡ ಪತ್ರಿಕೆಗಳಿಗೂ ಬರೆಯಿರಿ. ಬಡ್ತಿಯ ಅಂಕ ಸಿಗದೇ ಇರಬಹುದು, ಆದರೆ ಯುದ್ಧದ ಸುದ್ದಿ ಓದುವ ಕನ್ನಡಿಗರಿಗೆ ಅದರ ಕಾನೂನು ಹೇಳುವವರು ತೀರಾ ಕಡಿಮೆ.

ಪಿಎಚ್‌ಡಿ ಗೈಡ್‌ಗೆ ಮೇಲ್ ಹೇಗೆ ಬರೆಯಬೇಕು?

ಚಿಕ್ಕದಾಗಿ. ಒಂದೇ ಮೇಲ್ ಅನ್ನು ಹತ್ತು ಜನಕ್ಕೆ ಕಳಿಸಬೇಡಿ, ಅದು ಗೊತ್ತಾಗಿಬಿಡುತ್ತದೆ. ಅವರ ಒಂದು ಲೇಖನ ಪೂರ್ತಿ ಓದಿ, ಅದರಲ್ಲಿ ನಿಮಗೆ ಒಪ್ಪಿಗೆಯಾಗದ ಅಂಶವನ್ನು ಗೌರವದಿಂದ ಎರಡು ಸಾಲಿನಲ್ಲಿ ಹೇಳಿ. ನಿಮ್ಮ ಪ್ರಶ್ನೆ ಏನು ಅಂತ ಒಂದು ಸಾಲು. ಯಾವ ದಾಖಲೆ ನೋಡಿ ಉತ್ತರ ಹುಡುಕುತ್ತೀರಿ ಅಂತ ಇನ್ನೊಂದು. ಜೊತೆಗೆ ನೀವೇ ಬರೆದ ಒಂದು ತೀರ್ಪಿನ ವಿಮರ್ಶೆ ಇಡಿ, ನಾಲ್ಕೈದು ಪುಟ ಸಾಕು. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಮುಂದಿನವರಿಗೆ ಬರೆಯಿರಿ, ಆದರೆ ಅವರ ಲೇಖನವನ್ನೂ ಓದಿದ ಮೇಲೆ.